ನಾಟಕ ಅಲ್ಲ ಅದು

ಶಿಬಿರದ ಎರಡನೆಯ ದಿನ ಬೆಳಿಗ್ಗೆ ಪಾಯಿಖಾನೆ ತುಂಬಿ ಹೊರಗೆ ಹರಿಯಿತು.

ಮೇ ತಿಂಗಳ ರಾಯಚೂರು. ಬೆಳಗಿನ ಹೊತ್ತಿಗೇ ನೆಲ ಸುಡುತ್ತಿತ್ತು. ಕ್ರೈಸ್ತ ಸಭೆಯವರ ಹಳೆಯ ಹಾಸ್ಟೆಲಿನಲ್ಲಿ ಯೌವನಸ್ಥರ ಬೇಸಿಗೆ ಶಿಬಿರ. ರಾಯಚೂರು ಪೇಟೆಯವರು, ಮಾನ್ವಿಯವರು, ದೇವದುರ್ಗದ ಹಳ್ಳಿಗಳವರು ಸೇರಿ ಕಟ್ಟಡ ಕಿಕ್ಕಿರಿದಿತ್ತು. ಅಷ್ಟು ಜನಕ್ಕೆ ತೋಡಿದ ಗುಂಡಿಯಲ್ಲ ಅದು. ಕಪ್ಪು ನೀರು ಹಿತ್ತಲಿನಿಂದ ಹೊರಟು ಅಡುಗೆ ಒಲೆಯ ಕಡೆಗೆ ಬರತೊಡಗಿತು.

ಒಲೆಯ ಮುಂದೆ ಸುಮಂಗಲಾ ಇದ್ದಳು. ಮಂಡಾಳು, ಅಂದರೆ ಮಂಡಕ್ಕಿ, ತೋಯಿಸಿ, ಹಿಂಡಿ, ದೊಡ್ಡ ಬೋಗುಣಿಯ ಒಗ್ಗರಣೆಗೆ ಸುರಿಯುತ್ತಿದ್ದಳು. ಕೈ ಮೊಣಕೈವರೆಗೂ ಅರಿಷಿಣ. ನೀರು ಕಾಲಿಗೆ ತಾಕಿದಾಗ ತಿರುಗಿ ನೋಡಿದಳು. ಸೌಟು ಕೆಳಗಿಟ್ಟು ನೇರ ಸೆಕ್ರೆಟರಿಯ ಬಳಿ ಹೋದಳು.

ಸಭೆಯ ಸೆಕ್ರೆಟರಿ ಅನಿಲಕುಮಾರ, ನಿವೃತ್ತ ಪ್ರಿನ್ಸಿಪಾಲರು, ವರಾಂಡದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತಿದ್ದರು.

"ಸರ್, ಗುಂಡಿ ತುಂಬ್ಯದ. ನಗರಸಭಿ ಗಾಡಿ ಕರಸ್ರಿ."

"ಫೋನ್ ಮಾಡೀನಿ. ನಾಳಿಗಿ ಅಂತಾರ. ಸಂಜಿಗಿ ಹೈದರಾಬಾದಿನಿಂದ ಬೋಧಕರು ಬರ್ತಾರ. ಇದಾ ವಾಸನಿಯಾಗ ಅವರನ್ನ ಕೂಡ್ರಿಸಲೇನು?"

"ಮತ್ತ ಹ್ಯಾಂಗ್ರಿ?"

"ನೀ ಒಗ್ಗರಣಿ ನೋಡ್ಕೋ. ಅದನ್ನ ನಾ ನೋಡ್ಕೋತೀನಿ."

ಅವಳು ಒಲೆಗೆ ಮರಳಿದಳು. ಹೇಳಿದ್ದನ್ನು ಕೇಳಿ ಮರಳುವುದು ಅವಳಿಗೆ ರೂಢಿಯಾಗಿತ್ತು.

ಸುಮಂಗಲಾ ಮಾನ್ವಿಯ ಕೇರಿಯವಳು. ಅವಳ ಅಣ್ಣ ಅಯ್ಯಪ್ಪ ಅಲ್ಲಿಯ ಒಂದು ದೊಡ್ಡ ಮನೆಯ ಗುಂಡಿಗೆ ಇಳಿದವನು ತಾನಾಗಿ ಮೇಲೆ ಬರಲಿಲ್ಲ. ಕೊಕ್ಕೆ ಹಾಕಿ ಎಳೆದರು. ಮೈಗೆ ನೀರು ಹಾಕಬೇಕೆಂದರೆ ಆ ಮನೆಯವರು ಕೊಡ ಮುಟ್ಟಗೊಡಲಿಲ್ಲ. ಗಿಡಕ್ಕೆ ನೀರು ಬಿಡುವ ಪೈಪನ್ನು ದೂರದಿಂದ ಹಿಡಿದರು. ಅವ್ವ ಗೋಪಮ್ಮ ಆ ಕೆಸರಿನಲ್ಲೇ ಕೂತು ಮಗನ ಮುಖ ಒರೆಸಿದಳು. ಮೂರು ದಿನ ಯಾರೂ ಮನೆಯತ್ತ ಸುಳಿಯಲಿಲ್ಲ. ಆಮೇಲೆ ಸಭೆಯ ಇಬ್ಬರು ಹೆಂಗಸರು ಬಂದರು. ನೆಲದ ಮೇಲೆ ಗೋಪಮ್ಮನ ಪಕ್ಕ ಕೂತರು. ಬಾಯಾರಿದೆ ಎಂದು ನೀರು ಕೇಳಿ ಕುಡಿದರು.

ಸುಮಂಗಲಾ ಆಗ ಪಿಯುಸಿ ಓದುತ್ತಿದ್ದಳು. ಆ ಹೆಂಗಸರು ದೇವರ ಬಗ್ಗೆ ಏನು ಹೇಳಿದರೋ ಅವಳಿಗೆ ಈಗ ನೆನಪಿಲ್ಲ. ತಮ್ಮ ಮನೆಯ ಲೋಟಕ್ಕೆ ಅವರು ಬಾಯಿ ಹಚ್ಚಿದ್ದು ನೆನಪಿದೆ. ಆ ಲೋಟದ ಬೆನ್ನು ಹತ್ತಿಯೇ ಅವಳು ಸಭೆಗೆ ಹೋದಳು. ಹೋದವಳು ಮದುವೆ ಮಾಡಿಕೊಳ್ಳಲಿಲ್ಲ, ಹಿಂದಿರುಗಲಿಲ್ಲ. ಯೌವನಸ್ಥರ ಸೇವೆಗೆ ನಿಂತಳು. ವಾರದಲ್ಲಿ ಅರ್ಧ ದಿನ ದೇವದುರ್ಗದ ಬಸ್ಸಿನಲ್ಲಿ. ಅಲ್ಲಿಂದ ಹಳ್ಳಿಗಳಿಗೆ ಟಂಟಂ, ಟಂಟಂ ಹೋಗದ ಕಡೆ ನಡಿಗೆ. ಕೇರಿಗಳಲ್ಲಿ ಹುಡುಗ ಹುಡುಗಿಯರನ್ನು ಕೂಡಿಸಿ ಹಾಡು ಕಲಿಸಿದಳು. ದಪ್ಪು ಬಾರಿಸುತ್ತಿದ್ದ ಕೈಗಳಿಗೆ ಹಾರ್ಮೋನಿಯಂ ಕೊಟ್ಟಳು, ದಪ್ಪನ್ನೂ ಬಿಡಿಸಲಿಲ್ಲ. ಶಾಲೆ ಬಿಟ್ಟವರನ್ನು ಬೈದು ಶಾಲೆಗೆ ಕಳಿಸಿದಳು. ಬಾಲ್ಯವಿವಾಹಕ್ಕೆ ಹಂದರ ಹಾಕಿದ ಅಂಗಳದಲ್ಲಿ ನಿಂತು ಜಗಳ ಮಾಡಿ ಬಂದಳು. ಅವಳು ಕಟ್ಟಿದ ಕೂಟಗಳೇ ಸಭೆಯ ಯೌವನಸ್ಥರ ಸಂಘವಾದವು.

ಆ ಸಂಘಕ್ಕೆ ಅಧ್ಯಕ್ಷನಾದವನು ಮಾತ್ರ ಅನಿಲಕುಮಾರರ ಅಳಿಯ.

ಸಭೆಯಲ್ಲಿ ಎಲ್ಲ ಕೆಲಸಕ್ಕೂ ಒಂದೇ ಹೆಸರು, ಸೇವೆ. ಪೀಠದ ಮೇಲೆ ನಿಂತು ಮಾತಾಡುವುದೂ ಸೇವೆ, ಪೀಠದ ಕೆಳಗೆ ಕಸ ಹೊಡೆಯುವುದೂ ಸೇವೆ. ಮೊದಲನೆಯದಕ್ಕೆ ಅವಳ ಸರದಿ ಯಾವತ್ತೂ ಬರಲಿಲ್ಲ. ಶಿಬಿರಕ್ಕೆ ರೊಟ್ಟಿ ಬಡಿಯುವವಳು ಅವಳು. ಬೆಂಚು ಹೊರುವವಳು ಅವಳು. ಕ್ರಿಸ್‌ಮಸ್ಸಿಗೆ ಗೋಡೆಗೆ ಸುಣ್ಣ ಬಳಿಯುವವಳು ಅವಳು. ಕಾಂಪೌಂಡಿನ ಹಿಂದೆ ಹಳೆಯ ವಾಚ್‌ಮನ್ನನ ಖೋಲಿಯನ್ನು ಅವಳಿಗೆ ಬಿಟ್ಟುಕೊಟ್ಟಿದ್ದರು. ಅದೇ ದೊಡ್ಡ ಉಪಕಾರವೆಂದು ವರ್ಷಕ್ಕೊಮ್ಮೆ ನೆನಪಿಸುತ್ತಿದ್ದರು.

ಅವಳು ಮಂಡಾಳು ಬಡಿಸಲು ಕೂಗಿದಾಗ ಹುಡುಗರು ತಟ್ಟೆ ಹಿಡಿದು ಸಾಲು ನಿಂತರು. ಪೇಟೆಯವರಿದ್ದರು. ಮಾನ್ವಿಯವರಿದ್ದರು. ದೇವದುರ್ಗದ ಗಂಡು ಹುಡುಗರಿರಲಿಲ್ಲ.

ವಿಶಾಖಾ ಓಡಿ ಬಂದಳು. ದೇವದುರ್ಗದ ಕೂಟದಲ್ಲಿ ಚೆನ್ನಾಗಿ ಹಾಡುವ ಹುಡುಗಿ, ಡಿಗ್ರಿ ಮುಗಿಸಿದವಳು. ಮುಖ ಬಿಳಿಚಿತ್ತು.

"ಅಕ್ಕಾ, ಹಿತ್ತಲದಾಗ ಬರ್ರಿ. ಗೌತಮಗ ಹಗ್ಗ ಕಟ್ಟಾಕತ್ತಾರ."

ಸುಮಂಗಲಾ ಓಡಿದಳು. ಸೌಟು ಕೈಯಲ್ಲೇ ಇತ್ತು.

ಗುಂಡಿಯ ಚಪ್ಪಡಿ ಸರಿಸಿದ್ದರು. ಬಾಯಿ ತೆರೆದಿತ್ತು. ಒಳಗಿನಿಂದ ಬಂದ ಗಾಳಿ ಮೂಗಿಗಿಂತ ಮೊದಲು ಕಣ್ಣಿಗೆ ಹೊಡೆಯಿತು. ದೇವದುರ್ಗದ ಕೂಟದ ಗೌತಮ ಅಂಗಿ ಬಿಚ್ಚಿದ್ದ. ಪ್ಯಾಂಟು ಮಡಚಿದ್ದ. ಮುಖಕ್ಕೆ ಟವೆಲು ಸುತ್ತಿದ್ದ. ಸೊಂಟಕ್ಕೆ ನೂಲಿನ ಹಗ್ಗ, ಕೈಯಲ್ಲಿ ಬಿದಿರಿನ ಕೋಲು. ಒಂದು ಕಾಲು ಆಗಲೇ ಒಳಗಿನ ಕಬ್ಬಿಣದ ಮೆಟ್ಟಿಲ ಮೇಲಿತ್ತು. ಸುತ್ತ ದೇವದುರ್ಗದ ಹುಡುಗರು ಬಕೆಟು ಹಿಡಿದು ನಿಂತಿದ್ದರು. ಅನಿಲಕುಮಾರ ಬೇವಿನ ಗಿಡದ ನೆರಳಿನಲ್ಲಿ, ಮೂಗಿಗೆ ಕರವಸ್ತ್ರ ಒತ್ತಿಕೊಂಡು.

"ಗೌತಮ, ಮ್ಯಾಲ ಬಾ."

"ಸ್ವಲ್ಪ ಹೊತ್ತಕ್ಕ. ಪೈಪಿನ ಬಾಯಾಗ ಏನೋ ಸಿಕ್ಕದಂತ. ಕೋಲಲೆ ಚುಚ್ಚಿ ಬಂದಬಿಡ್ತೀನಿ."

"ಮ್ಯಾಲ ಬಾ ಅಂದೆ."

"ಸೇವಾ ಅಲ್ಲೇನಕ್ಕ? ನೀವಾ ಹೇಳಿದ್ರಲ್ಲ. ಸ್ವಾಮಿ ತನ್ನ ಶಿಷ್ಯರ ಕಾಲು ತೊಳದಾನ, ನಾವೂ ಯಾವ ಕೆಲಸಕ್ಕೂ ಹೇಸಬಾರದಂತ."

ಹೌದು, ಹೇಳಿದ್ದಳು. ಹಿಂದಿನ ದಿನವೇ ಹೇಳಿದ್ದಳು. ಅವಳೇ ಕಲಿಸಿದ ಮಾತು ಈ ಹುಡುಗನನ್ನು ಗುಂಡಿಯ ಬಾಯಿಗೆ ತಂದು ನಿಲ್ಲಿಸಿತ್ತು. 

ಸೌಟು ಬಿಸಾಕಿದಳು. ಅವನ ರಟ್ಟೆ ಹಿಡಿದು ಎಳೆದಳು. ಅವನು ಎತ್ತರದ ಹುಡುಗ. ಅವಳು ಎಳೆದ ರಭಸಕ್ಕೆ ಮಂಡಿಯೂರಿ ಬಿದ್ದ. ಸೊಂಟದ ಗಂಟು ಬಿಗಿದಿತ್ತು, ಬೆರಳಿಗೆ ಬಿಚ್ಚಲಿಲ್ಲ. ಬಗ್ಗಿ ಹಲ್ಲಿನಿಂದ ಕಚ್ಚಿ ಬಿಚ್ಚಿದಳು.

ಅನಿಲಕುಮಾರ ನೆರಳಿನಿಂದ ಹೊರಬಂದರು. "ಏನ್ ಮಾಡಾಕತ್ತಿ ಸುಮಂಗಲಾ? ಯಾರೂ ಅವಗ ಜುಲುಮಿ ಮಾಡಿಲ್ಲ. ತಾನಾ ಒಪ್ಯಾನ."

"ಪ್ಯಾಟಿ ಹುಡುಗರನ್ನ ಯಾಕ ಕೇಳಲಿಲ್ರಿ?"

"ಅವರಿಗಿ ರೂಢಿ ಇಲ್ಲ."

"ಇವಗ ಅದ ಏನ್ರಿ?"

ಅನಿಲಕುಮಾರ ಕರವಸ್ತ್ರ ಮಡಚಿ ಜೇಬಿಗೆ ಹಾಕಿದರು.

"ಇವ ಯರಗೇರಾ ಯೂನಿವರ್ಸಿಟಿಯಾಗ ಎಂ.ಎ. ಓದ್ತಾನ. ಇವರಪ್ಪ ಗೌಂಡಿ. ಇವರವ್ವ ಹತ್ತಿ ಬಿಡಸಾಕ ಹೋಗ್ತಾಳ. ಇವಗ ಎಲ್ಲಿಂದ ಬಂತ್ರಿ ರೂಢಿ? ಹುಟ್ಟಿದ ಕೇರಿಯಿಂದ ಬಂತು ಅನ್ರಿ. ಬಾಯಿ ಬಿಚ್ಚಿ ಅನ್ರಿ."

"ಧ್ವನಿ ತಗ್ಗಿಸು. ದೇವರ ಕೆಲಸದಾಗ ಕೇರಿ ಪಾರಿ ಏನೂ ಇಲ್ಲ. ಇದು ಸೇವಾ."

ಸುಮಂಗಲಾ ಹಗ್ಗವನ್ನು ಎತ್ತಿ ಅವರ ಮುಂದೆ ಹಿಡಿದಳು.

"ಹಂಗಾರ ತಗೋರಿ. ನೀವಾ ಇಳೀರಿ. ನಾ ಹಗ್ಗ ಹಿಡೀತೀನಿ. ಗಟ್ಟಿಯಾಗಿ ಹಿಡೀತೀನ್ರಿ. ನಮ್ಮಣ್ಣಗ ಯಾರೂ ಹಿಡದಿರಲಿಲ್ಲ."

ವರಾಂಡದಲ್ಲಿ ಪೇಟೆಯ ಹುಡುಗರು ತಟ್ಟೆ ಹಿಡಿದು ನಿಂತಿದ್ದರು. ಒಬ್ಬ ಫೋನು ಎತ್ತಿ ವಿಡಿಯೋ ತೆಗೆಯುತ್ತಿದ್ದ. ಅನಿಲಕುಮಾರ ಒಂದು ಹೆಜ್ಜೆ ಹಿಂದೆ ಸರಿದರು. ಮುಖ ಕೆಂಪಾಗಿತ್ತು.

"ಯಾರ ಜೋಡಿ ಮಾತಾಡಾಕತ್ತಿ, ಗೊತ್ತದ ಏನು ನಿನಗ?"

"ಗೊತ್ತದ. ನಿಮ್ಮ ತಾತ ನಮ್ಮ ಕೇರಿಯಾಗ ಚರ್ಮ ಹದ ಮಾಡ್ತಿದ್ರು. ಅವರು ಕೂಡ್ರತಿದ್ದ ಕಲ್ಲು ಇನ್ನಾ ಅದ. ನಮ್ಮವ್ವ ತೋರಸ್ಯಾಳ."

ಅವರ ಕೈ ಮೇಲೆದ್ದಿತು. ಫೋನು ಕಂಡಿತು. ಕೈ ಕೆಳಗಿಳಿಯಿತು.

ಸುಮಂಗಲಾ ಮತ್ತು ವಿಶಾಖಾ ಚಪ್ಪಡಿಯನ್ನು ತಳ್ಳಿ ಗುಂಡಿ ಮುಚ್ಚಿದರು. ಸುಮಂಗಲಾ ಅದರ ಮೇಲೆ ಕೂತಳು. ಸಂಜೆಯವರೆಗೂ ಏಳಲಿಲ್ಲ. ಬಿಸಿಲು ನೆತ್ತಿಯಿಂದ ಇಳಿಯಿತು, ಕಲ್ಲು ಕೆಳಗಿನಿಂದ ಸುಟ್ಟಿತು. ವಿಶಾಖಾ ತಲೆಯ ಮೇಲೆ ಒದ್ದೆ ಟವೆಲು ಹಾಕಿದಳು, ಅದು ನೋಡನೋಡುತ್ತ ಒಣಗಿತು. ಯಾರೂ ಮಾತಾಡಿಸಲಿಲ್ಲ. ಹೈದರಾಬಾದಿನ ಬೋಧಕರು ಬಂದರು. ಅವರನ್ನು ಸ್ಟೇಷನ್ ರಸ್ತೆಯ ಲಾಡ್ಜಿಗೆ ಕರೆದೊಯ್ದರು. ಹುಡುಗರು ಬಯಲಿಗೆ ಹೋಗಿ ಬಂದರು.

ಮರುದಿನ ಬೆಳಿಗ್ಗೆ ನಗರಸಭೆಯ ಗಾಡಿ ಬಂತು. ಪೈಪು ಇಳಿಬಿಟ್ಟಿತು. ಅರ್ಧ ತಾಸಿನಲ್ಲಿ ಗುಂಡಿ ಬರಿದಾಯಿತು. ಅಷ್ಟೇ. ಒಂದು ದಿನ ಕಾಯಬೇಕಿತ್ತು. ಆ ಒಂದು ದಿನದ ವಾಸನೆಗಿಂತ ಗೌತಮನ ಜೀವ ಅಗ್ಗವಾಗಿತ್ತು.

ವಿಡಿಯೋ ಅಷ್ಟರಲ್ಲಿ ಊರೆಲ್ಲ ಸುತ್ತಿತ್ತು. ಗಾಡಿ ಹೋದ ಬೆನ್ನಿಗೇ ಹಾಸ್ಟೆಲಿನ ಗೇಟಿಗೆ ಬೈಕುಗಳು ಬಂದವು. ಮುಂದೆ ನಿಂತವನು ಹನುಮೇಶ, ಹಿಂದೂ ಹುಡುಗರ ಒಂದು ಸಂಘಟನೆ ಕಟ್ಟಿಕೊಂಡವನು. "ಮತಾಂತರದ ಶಿಬಿರ ಬಂದ್ ಮಾಡ್ರಿ" ಎಂದು ಕೂಗಿದರು. ಗೇಟಿಗೆ ಕಲ್ಲು ಬಿತ್ತು. ಪೊಲೀಸರು ಬಂದರು. ಕಲ್ಲು ಹೊಡೆದವರನ್ನು ಬಿಟ್ಟು ಒಳಗಿದ್ದವರ ಹೆಸರು ಕೇಳಿದರು. ಊಟಕ್ಕೂ ಮುಂಚೆ ಶಿಬಿರ ಮುರಿದು ಹುಡುಗರನ್ನು ಬಸ್ಸಿಗೆ ಹತ್ತಿಸಿದರು. ದೇವದುರ್ಗದ ಹುಡುಗಿಯರು ಕಿಟಕಿಗೆ ಮುಖ ಆನಿಸಿ ಅಳುತ್ತಿದ್ದರು. ವರ್ಷವಿಡೀ ಕಾದ ಶಿಬಿರ ಅದು.

ಮಧ್ಯಾಹ್ನ ಪಾಸ್ಟರ್ ದೇವಮಿತ್ರ ಸುಮಂಗಲಾಳನ್ನು ತಮ್ಮ ಮನೆಗೆ ಕರೆಸಿದರು. ಮೆತ್ತನೆಯ ಮನುಷ್ಯ. ಗದರಿ ಮಾತಾಡಿದವರಲ್ಲ. ಪಕ್ಕದಲ್ಲಿ ಅನಿಲಕುಮಾರ ಕೂತಿದ್ದರು. ಪಾಸ್ಟರ್ ತಾವೇ ಎದ್ದು ಅವಳಿಗೆ ನೀರು ಕೊಟ್ಟರು.

"ಸುಮಂಗಲಾ, ಸಂಜಿಗಿ ಠಾಣೆಗಿ ಬಾ ಅಂದಾರ. ವಿಡಿಯೋದಾಗ ಇರೋದು ಏನಂತ ಕೇಳ್ತಾರ. ಹೊರಗ ಕಲ್ಲು ಹಿಡಕೊಂಡು ನಿಂತಾರ, ನೀನಾ ನೋಡಿದಿ. ಈಗ ನಾವು ಒಳಗ ಜಗಳಾಡಿದ್ದು ಗೊತ್ತಾದ್ರ ಚರ್ಚಿಗಿ ಬೆಂಕಿ ಹಚ್ಚತಾರ."

"ನಾ ಏನ್ ಹೇಳಬೇಕ್ರಿ?"

ಪಾಸ್ಟರ್ ಅನಿಲಕುಮಾರರ ಮುಖ ನೋಡಿದರು. ಅನಿಲಕುಮಾರ ಹೇಳಿದರು. "ಶಿಬಿರದ ಕೊನಿ ದಿನ ನಾಟಕ ಇತ್ತು. ಅಸ್ಪೃಶ್ಯತಾ ವಿರೋಧಿ ನಾಟಕ. ಅದರ ಪ್ರ್ಯಾಕ್ಟೀಸ್ ಮಾಡ್ತಿದ್ವಿ ಅನ್ನು. ನಾ ಜಮೀನ್ದಾರನ ಪಾತ್ರ, ನೀ ಕೇರಿ ಹೆಣ್ಣುಮಗಳ ಪಾತ್ರ. ಮುಗೀತು."

ಸುಮಂಗಲಾಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಗು ಬಂತು. 

"ಅಯ್ಯನವರ, ನೀವೂ ಇದನ್ನಾ ಹೇಳಂತೀರೇನ್ರಿ?"

ಪಾಸ್ಟರ್ ನೆಲ ನೋಡಿದರು. "ಸಭಿ ಉಳೀಬೇಕವ್ವ. ನಿನ್ನ ಕೂಟಗಳಾ ಮೊದಲು ಹೋಗ್ತಾವ. ದೇವದುರ್ಗದಾಗ ನಿನ್ನ ಹುಡುಗರಿಗೇ ಹೊಡೀತಾರ. ಅದನ್ನ ವಿಚಾರ ಮಾಡು."

ಅದು ಸುಳ್ಳಾಗಿರಲಿಲ್ಲ. ಹಿಂದಿನ ವರ್ಷ ಒಂದು ಹಳ್ಳಿಯಲ್ಲಿ ಹಾರ್ಮೋನಿಯಂ ಒಡೆದಿದ್ದರು. ವಿಶಾಖಾಳ ಜಡೆ ಹಿಡಿದು ಎಳೆದಿದ್ದರು. ದೂರು ಕೊಡಲು ಹೋದರೆ ಇವರ ಮೇಲೆಯೇ ಕೇಸು ಹಾಕುವುದಾಗಿ ಹೆದರಿಸಿ ಕಳಿಸಿದ್ದರು. ಹೊರಗೆ ಕಲ್ಲು, ಒಳಗೆ ಗುಂಡಿ. ಕಲ್ಲಿನ ಹೆಸರು ಹೇಳಿ ಗುಂಡಿ ಮುಚ್ಚಿಕೋ ಎನ್ನುತ್ತಿದ್ದರು. ಅವಳು ನೀರು ಕುಡಿಯದೆ ಲೋಟ ಕೆಳಗಿಟ್ಟು ಹೊರಟಳು.

ಠಾಣೆಯಲ್ಲಿ ಗೌತಮನನ್ನು ಮೊದಲು ಒಳಗೆ ಕರೆದರು. ಅವಳು ಹೊರಗಿನ ಬೆಂಚಿನ ಪಕ್ಕ ನಿಂತಿದ್ದಳು. ಬಾಗಿಲು ತೆರೆದೇ ಇತ್ತು. ಒಳಗಿನ ಮಾತು ಕೇಳುತ್ತಿತ್ತು.

"ನಾಟಕರೀ ಸರ್ ಅದು," ಎಂದ ಗೌತಮ. "ಪ್ರ್ಯಾಕ್ಟೀಸ್ ಮಾಡ್ತಿದ್ವಿ."

"ಯಾರೂ ಗುಂಡಿಗಿ ಇಳಸಲಿಲ್ಲ?"

"ಇಲ್ರಿ."

ಗೌತಮ ಹೊರಗೆ ಬಂದ. ಅವಳನ್ನು ನೋಡಲಿಲ್ಲ. ಅವನು ಸಭೆಯ ಹಾಸ್ಟೆಲಿನ ಒಂದು ಕೋಣೆಯಲ್ಲಿ ಇದ್ದುಕೊಂಡು ಯರಗೇರಾಕ್ಕೆ ಬಸ್ಸಿನಲ್ಲಿ ಓಡಾಡುತ್ತಿದ್ದ. ಕೊನೆಯ ಪರೀಕ್ಷೆ ಇನ್ನೂ ಬಾಕಿ ಇತ್ತು. ಕೋಣೆಯ ಕೀಲಿ ಅನಿಲಕುಮಾರರ ಕೈಯಲ್ಲಿತ್ತು. ಇದೆಲ್ಲ ಸುಮಂಗಲಾಗೆ ಗೊತ್ತಿತ್ತು. ಕೋಣೆ ಕೊಡಿಸಿದವಳು ಅವಳೇ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವನ ಬೆನ್ನ ಮೇಲೆ ಹಗ್ಗ ತಿಕ್ಕಿದ ಗೆರೆ ಅಂಗಿಯೊಳಗೆ ಇನ್ನೂ ಇರಬಹುದು ಎನ್ನಿಸಿತು.

ಒಳಗೆ ಸಬ್ ಇನ್ಸ್‌ಪೆಕ್ಟರ್ ಇದ್ದರು. ಎದುರಿನ ಕುರ್ಚಿಯಲ್ಲಿ ಹನುಮೇಶ ಚಹಾ ಕುಡಿಯುತ್ತಿದ್ದ. ಅವಳಿಗೆ ಕುರ್ಚಿ ತೋರಿಸಲಿಲ್ಲ.

"ಹೇಳವ್ವ. ನಾಟಕನಾ?"

"ಅಲ್ರಿ."

ಸಬ್ ಇನ್ಸ್‌ಪೆಕ್ಟರ್ ತಲೆ ಎತ್ತಿದರು. ಹನುಮೇಶ ಚಹಾ ಕೆಳಗಿಟ್ಟ. ಅವನ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು.

"ನಾ ಹೇಳಲಿಲ್ಲೇನ್ರಿ ಸರ್? ಅಕ್ಕಾರು ಸತ್ಯ ಹೇಳ್ತಾರ. ಅಕ್ಕಾ, ನೀವು ನಮ್ಮವರು. ನಿಮಗ ಆಸಿ ತೋರಿಸಿ ಮತ ಬದಲಿ ಮಾಡಿಸ್ಯಾರ. ಈಗ ಹುಡುಗರನ್ನ ಕರಕೊಂಡು ಬಂದು ಜಬರದಸ್ತಿ ಮಾಡಾಕತ್ತಾರ. ಅಷ್ಟು ಹೇಳ್ರಿ ಸಾಕು. ನಿಮ್ಮ ಹಿಂದ ನಾವು ನಿಲ್ತೀವಿ."

"ನನಗ ಯಾರೂ ಆಸಿ ತೋರಿಸಿಲ್ಲ. ನಮ್ಮ ಮನ್ಯಾಗ ನೀರು ಕುಡದ್ರು, ಅದಕ್ಕ ಹೋದೆ."

"ಈಗ ನೋಡ್ರಿ, ಅಲ್ಲೂ ನಿಮಗ ಅದಾ ಕೆಲಸ ಕೊಟ್ಟಾರ. ವಾಪಸ್ ಬರ್ರಿ."

"ವಾಪಸ್ ಬಂದ್ರ ನಿಮ್ಮ ಮನಿ ಗುಂಡಿ ಯಾರು ತೆಗೀತಾರ?"

ಹನುಮೇಶನ ಮುಖ ಗಟ್ಟಿಯಾಯಿತು.

"ನಮ್ಮಣ್ಣ ಅಯ್ಯಪ್ಪ ಮಾನ್ವಿಯಾಗ ಸತ್ತ. ಅವ ಹಿಂದೂನಾ ಆಗಿದ್ದ. ಹಣಿ ಮ್ಯಾಲ ಕುಂಕುಮ ಇತ್ತು. ಅವತ್ತ ನೀವೆಲ್ಲಿದ್ರಿ? ಒಂದು ಬೈಕರ ಬಂತೇನು ನಮ್ಮ ಕೇರಿಗಿ?"

"ಏ, ಭಾಷಣ ಸಾಕು," ಎಂದರು ಸಬ್ ಇನ್ಸ್‌ಪೆಕ್ಟರ್. "ನಾಟಕ ಅನ್ನು, ಇಲ್ಲಾ ಮತಾಂತರ ಅನ್ನು. ಎರಡರಾಗ ಒಂದು ಹೇಳು."

"ಎರಡೂ ಅಲ್ರಿ. ಮನಷ್ಯಾನ್ನ ಪಾಯಿಖಾನಿ ಗುಂಡಿಗಿ ಇಳಸಾಕ ಹೋಗಿದ್ರು. ಹಂಗ ಇಳಸಬಾರದಂತ ಕಾನೂನ್ ಅದ. ಅದನ್ನ ಬರಕೋರಿ."

ಬರೆಯುವ ಪೇದೆ ಪೆನ್ನು ಹಿಡಿದು ಸಾಹೇಬರ ಮುಖ ನೋಡಿದ. ಸಾಹೇಬರು ತಲೆ ಆಡಿಸಿದರು. ಪೆನ್ನು ಕೆಳಗಿಳಿಯಿತು.

"ಇಳದನೇನು? ಸತ್ತನೇನು? ಇಳಿಯಾಕ ಹೋದಾವನಾ ನಾಟಕ ಅನ್ನಾಕತ್ತಾನ. ನೀ ಯಾರವ್ವ ನಡುವ? ಹೋಗು ಮನಿಗಿ. ಊರಾಗ ಗದ್ದಲ ಎಬ್ಬಿಸಿದ್ರ ನಿನ್ನ ಮ್ಯಾಲಾ ಕೇಸು ಬೀಳ್ತದ."

ಸತ್ತಿದ್ದರೆ ಬರೆದುಕೊಳ್ಳುತ್ತಿದ್ದರು. ಅವಳು ಅವನನ್ನು ಬದುಕಿಸಿದ್ದಳು. ಅದಕ್ಕೆ ಯಾವ ಠಾಣೆಯಲ್ಲೂ ದೂರಿನ ಜಾಗವಿರಲಿಲ್ಲ.

ಅವಳು ಕಾಂಪೌಂಡಿಗೆ ಬಂದಾಗ ಖೋಲಿಗೆ ಹೊಸ ಬೀಗ ಬಿದ್ದಿತ್ತು. ಟ್ರಂಕು, ಹಾಸಿಗೆ ಸುರುಳಿ, ಹಾರ್ಮೋನಿಯಂ ಬೇಲಿಯ ಪಕ್ಕ ಇದ್ದವು. ಚರ್ಚಿನ ಗಂಟೆ ಬಾರಿಸುವ ವೆಂಕೋಬ ಅವುಗಳನ್ನು ಕಾಯುತ್ತ ನಿಂತಿದ್ದ. ವಯಸ್ಸಾದವನು. ಕಣ್ಣಲ್ಲಿ ನೀರಿತ್ತು.

"ನನಗ ಬೀಗ ಹಾಕಂದ್ರು, ಹಾಕೀನಿ ತಂಗಿ. ಸಭಿ ಮುಂದ ತಪ್ಪಾತು ಅಂತ ಕೇಳೋತನ ನಿನ್ನ ಕರ್ತನ ಭೋಜನದಿಂದ ದೂರ ಇಟ್ಟಾರಂತ, ಚರ್ಚಿನಾಗ ನಿನಗ ರೊಟ್ಟಿ ಕೊಡಂಗಿಲ್ಲಂತ. ಕಮಿಟ್ಯಾಗ ಠರಾವು ಆಗ್ಯದ."

"ಯಾರಿಗಿ ತಪ್ಪಾತು ಅನ್ನಬೇಕಂತ?"

"ಸೆಕ್ರೆಟರಿ ಸಾಹೇಬರಿಗಿ."

ಅವಳು ಉಳಿದದ್ದನ್ನು ವೆಂಕೋಬನಿಗೆ ಒಪ್ಪಿಸಿ ಟ್ರಂಕು ಹೊತ್ತುಕೊಂಡು ಮಾನ್ವಿಯ ಬಸ್ಸು ಹಿಡಿದಳು. ಸೀಟಿದ್ದರೂ ಕೂರಲಿಲ್ಲ. ಕೂರಲು ಆಗುತ್ತಿರಲಿಲ್ಲ. ತೊಡೆ ಸುಟ್ಟು ಬೊಬ್ಬೆ ಎದ್ದಿತ್ತು.

ಗೋಪಮ್ಮ ಮಗಳನ್ನು ಬೋರಲು ಮಲಗಿಸಿ ಸುಟ್ಟ ಕಡೆ ಕೊಬ್ಬರಿ ಎಣ್ಣೆ ಹಚ್ಚಿದಳು. ಕೇರಿಯ ಜನ ಬಂದು ಬಾಗಿಲಲ್ಲಿ ನಿಂತು ಹೋದರು. ಕೆಲವರು ಮರುಗಿದರು. ಕೆಲವರು ಇನ್ನು ಈ ಕೇರಿಗೂ ಬೈಕುಗಳು ಬರುತ್ತವೆ ಎಂದು ಹೆದರಿದರು. ಹಿರಿಯನೊಬ್ಬ ನೇರವಾಗಿಯೇ ಹೇಳಿದ: "ಗೋಪವ್ವ, ಮಗಳನ್ನ ಭಾಳ ದಿನ ಇಟಗೋಬ್ಯಾಡ. ನಮಗೂ ಹೆಣ್ಣುಮಕ್ಕಳದಾರ."

ಗೋಪಮ್ಮ ಎಣ್ಣೆ ಹಚ್ಚುತ್ತಲೇ ಇದ್ದಳು. ಎಲ್ಲರೂ ಹೋದ ಮೇಲೆ ಹೇಳಿದಳು.

"ಅಯ್ಯಪ್ಪಗ ಬ್ಯಾಡ ಅನ್ನಾಕ ಯಾರೂ ಇರಲಿಲ್ಲ. ನಾನಾ ಅವತ್ತ ಬುತ್ತಿ ಕಟ್ಟಿ ಕಳಸಿದ್ದೆ. ನೀ ಬ್ಯಾಡ ಅಂದಿ. ಛಲೋ ಮಾಡಿದಿ."

ಆಗ ಸುಮಂಗಲಾ ಅತ್ತಳು. ಚಪ್ಪಡಿಯ ಮೇಲೆ ಅತ್ತಿರಲಿಲ್ಲ, ಠಾಣೆಯಲ್ಲಿ ಅತ್ತಿರಲಿಲ್ಲ. ಕೌದಿ ಬಾಯಿಗೆ ತುರುಕಿಕೊಂಡು ಅತ್ತಳು.

ಅವ್ವ ಕೇಳಿದಳು, "ಇನ್ನ ಎಲ್ಲಿಗಿ ಹೋಗ್ತಿ?"

"ರವಿವಾರ ಚರ್ಚಿಗಿ."

"ಬರಬ್ಯಾಡ ಅಂದಾರಂತಲ್ಲ ಬೇ. ಬಿಟ್ಟು ಬಿಡು. ಇನ್ನೊಂದು ಸಭಿ ನೋಡ್ಕೋ. ಇಲ್ಲಾ ಮನ್ಯಾಗ ಪ್ರಾರ್ಥನಿ ಮಾಡ್ಕೋ."

"ಯಾಕ ಬಿಡಲಿ? ಆ ನೆಲ ಒರಸಿದ ಕೈ ನಂದು. ಆ ಗ್ವಾಡಿಗಿ ಸುಣ್ಣ ಬಳದಾಕಿ ನಾನು. ಸ್ವಾಮಿ ಏನು ಅವರಪ್ಪನ ಆಸ್ತೇನು, ಹೊರಗ ಹೋಗು ಅನ್ನಾಕ?"

ರವಿವಾರ ಅವಳು ಮೊದಲ ಬಸ್ಸಿಗೆ ರಾಯಚೂರಿಗೆ ಬಂದಳು. ಬಿಳಿ ಸೀರೆ ಉಟ್ಟಿದ್ದಳು. ಚರ್ಚಿನಲ್ಲಿ ಅವಳನ್ನು ಕಂಡು ಜನ ಸರಿದು ಕೂತರು. ಮುಂದಿನ ಬೆಂಚುಗಳಲ್ಲಿ ಹಳೆಯ ಮನೆತನದವರು. ಅನಿಲಕುಮಾರ ಎಂದಿನ ಜಾಗದಲ್ಲಿದ್ದರು. ಕೊನೆಯ ಬೆಂಚುಗಳಲ್ಲಿ ದೇವದುರ್ಗದವರು. ವಿಶಾಖಾ ಅವರನ್ನು ಕರೆತಂದಿದ್ದಳು. ಗೌತಮನ ಅವ್ವ ಯಂಕಮ್ಮನೂ ಬಂದಿದ್ದಳು. ಹತ್ತಿ ಹೊಲದ ಬಿಸಿಲಿಗೆ ಕರಕಲಾದ ಹೆಂಗಸು. ಗೌತಮ ಕಟ್ಟಕಡೆಯ ಬೆಂಚಿನಲ್ಲಿ, ಕಂಬದ ಮರೆಯಲ್ಲಿ ಇದ್ದ.

ಹಾಡಾಯಿತು, ಬೋಧನೆಯಾಯಿತು. ಕರ್ತನ ಭೋಜನದ ಹೊತ್ತಾಯಿತು. ಜನ ಸಾಲುಸಾಲಾಗಿ ಮುಂದೆ ಹೋಗಿ ಪೀಠದ ಕಟಕಟೆಯ ಮುಂದೆ ಮೊಣಕಾಲೂರಿ ಕೈ ಚಾಚುತ್ತಿದ್ದರು. ಪಾಸ್ಟರ್ ಒಬ್ಬೊಬ್ಬರ ಅಂಗೈಗೂ ರೊಟ್ಟಿಯ ತುಣುಕು ಇಡುತ್ತಿದ್ದರು. ಸುಮಂಗಲಾ ಎದ್ದು ಹೋಗಿ ಮೊಣಕಾಲೂರಿದಳು. ಸುಟ್ಟ ಚರ್ಮ ಬಿರಿಯಿತು. ಹಲ್ಲು ಕಚ್ಚಿದಳು. ಕೈ ಚಾಚಿದಳು.

ಪಾಸ್ಟರ್ ಬಂದರು. ಅವಳ ಎಡಗಡೆಯವರಿಗೆ ಕೊಟ್ಟರು. ಅವಳ ಮುಂದೆ ಬಂದಾಗ ಕಣ್ಣು ಎತ್ತದೆ ಬಲಗಡೆಯವರಿಗೆ ಕೊಟ್ಟರು.

ಆ ಸಾಲಿನವರು ಎದ್ದು ಹೋದರು. ಅವಳು ಏಳಲಿಲ್ಲ. ಮತ್ತೊಂದು ಸಾಲು ಬಂತು. ಪಾಸ್ಟರ್ ಮತ್ತೆ ಅವಳನ್ನು ದಾಟಿದರು. ಆ ಸಾಲೂ ಎದ್ದಿತು. ಅವಳು ಕೈ ಮಡಚಲಿಲ್ಲ.

ಆಗ ಹಿಂದಿನಿಂದ ವಿಶಾಖಾ ಬಂದಳು. ಅವಳ ಪಕ್ಕ ಮೊಣಕಾಲೂರಿದಳು. ಅವಳ ಹಿಂದೆ ದೇವದುರ್ಗದ ಹುಡುಗಿಯರು, ಹುಡುಗರು, ಯಂಕಮ್ಮ. ಕಟಕಟೆ ತುಂಬಿತು. ಪಾಸ್ಟರ್ ವಿಶಾಖಾಳ ಮುಂದೆ ರೊಟ್ಟಿ ಹಿಡಿದರು. ಅವಳು ಕೈ ಬೆನ್ನ ಹಿಂದೆ ಕಟ್ಟಿಕೊಂಡಳು.

"ಮೊದಲು ಅಕ್ಕಗ ಕೊಡ್ರಿ, ಅಯ್ಯನವರ."

ಪಕ್ಕದವನ ಮುಂದೆ ಹೋದರು. ಅವನ ಕೈಯೂ ಬೆನ್ನ ಹಿಂದಿತ್ತು. ಅವನ ಪಕ್ಕದವಳದೂ. ಯಂಕಮ್ಮನ ಮುಂದೆ ಪಾಸ್ಟರ್ ನಿಂತುಬಿಟ್ಟರು. ಅವಳು ಮುಖ ಎತ್ತಿ ಎಲ್ಲರಿಗೂ ಕೇಳುವಂತೆ ಹೇಳಿದಳು.

"ಯಪ್ಪಾ, ನನ್ನ ಮಗನ್ನ ಉಳಿಸಿದಾಕಿಗಿ ಇಲ್ಲದ ರೊಟ್ಟಿ ನನ್ನ ಗಂಟಲದಾಗ ಇಳಿಯೂದಿಲ್ಲ."

ಮುಂದಿನ ಬೆಂಚಿನಿಂದ ಅನಿಲಕುಮಾರ ಎದ್ದರು. "ಆಶೀರ್ವಾದ ಹೇಳಿ ಮುಗಸ್ರಿ ಪಾಸ್ಟರ್."

ಪಾಸ್ಟರ್ ರೊಟ್ಟಿಯ ತಟ್ಟೆಯನ್ನು ಪೀಠದ ಮೇಲಿಟ್ಟು ಅವಸರದಲ್ಲಿ ಆಶೀರ್ವಾದ ಹೇಳಿದರು.  ಜನ ಎದ್ದು ಹೊರಟರು, ಪಾಸ್ಟರೂ ತಲೆ ತಗ್ಗಿಸಿ ಅವರ ಜೊತೆ ನಡೆದರು. ಕೆಲವರು ತಿರುಗಿ ನೋಡಿದರು. ಹೆಂಗಸೊಬ್ಬಳು ನಿಂತಳು, ಗಂಡ ತೋಳು ಹಿಡಿದು ಕರೆದೊಯ್ದ.

"ಫ್ಯಾನ್ ಬಂದ್ ಮಾಡು ವೆಂಕೋಬ," ಎಂದರು ಅನಿಲಕುಮಾರ. "ಬಾಗಲಾ ಹಾಕು. ಎಷ್ಟೊತ್ತು ಕೂಡ್ರತಾರ ನೋಡೋಣು."

ಫ್ಯಾನುಗಳು ನಿಂತವು. ಬಿಸಿ ಗಾಳಿ ಮೇಲಿನಿಂದ ಕೂತಂತಾಯಿತು. ಸುಮಂಗಲಾ ಹಿಂತಿರುಗದೆ ಹೇಳಿದಳು.

"ಹೋಗೋರು ಹೋಗ್ರಿ. ಬಾಗಲಾ ಇನ್ನಾ ತೆರದದ. ನಾ ಯಾರಿಗೂ ಏನೂ ಅನ್ನೂದಿಲ್ಲ."

ಯಾರೂ ಏಳಲಿಲ್ಲ. ಕಂಬದ ಮರೆಯಲ್ಲಿ ಗೌತಮ ಎದ್ದು ನಿಂತಿದ್ದ. ಬಾಗಿಲ ಬಳಿ ಅನಿಲಕುಮಾರ ಅವನನ್ನು ಹೆಸರು ಹಿಡಿದು ಕರೆದರು. ಅವನು ಹೊರಗೆ ಹೋಗಲಿಲ್ಲ. ಮುಂದೆಯೂ ಬರಲಿಲ್ಲ. ನಿಂತಲ್ಲೇ ಬೆಂಚಿನ ಹಿಡಿ ಹಿಡಿದು ನಿಂತ. ಸುಮಂಗಲಾ ಅವನನ್ನು ಕರೆಯಲಿಲ್ಲ.

ದೊಡ್ಡ ಬಾಗಿಲು ಮುಚ್ಚಿತು. ಹೊರಗೆ ಚಿಲಕ ಬಿತ್ತು. ಬೀಗ ತಿರುಗಿತು.

ಬೆವರು ಹನಿಹನಿಯಾಗಿ ಕಲ್ಲಿನ ಮೇಲೆ ಬೀಳತೊಡಗಿತು. ಪೀಠದ ಮೇಲೆ ತಟ್ಟೆ ಇತ್ತು. ಬಿಳಿ ಬಟ್ಟೆ ಅರ್ಧ ಸರಿದು ರೊಟ್ಟಿಯ ತುಣುಕುಗಳು ಕಾಣುತ್ತಿದ್ದವು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಕಾಯುವವರು ಯಾರೂ ಇರಲಿಲ್ಲ.

ವಿಶಾಖಾ ಪಿಸುಗುಟ್ಟಿದಳು. "ಅಕ್ಕಾ, ರೊಟ್ಟಿ ಇಲ್ಲೇ ಅದ. ನಾವಾ ತಗೊಳ್ಳೋಣೇನು?"

"ಬ್ಯಾಡ," ಎಂದಳು ಸುಮಂಗಲಾ. "ಕದ್ದು ತಿಂದ್ರು ಅಂತಾರ. ಅವರ ಕೈಲೆ ಕೊಡಲಿ."

ಮೊಣಕಾಲು ಮರಗಟ್ಟಿತ್ತು. ತೊಡೆಯ ಗಾಯದಿಂದ ನೀರು ಇಳಿದು ಸೀರೆ ಅಂಟಿಕೊಂಡಿತ್ತು. ಕೈ ಸೋತು ಕೆಳಗೆ ಬಂದಿತ್ತು. ಅವಳು ಅದನ್ನು ಮತ್ತೆ ಎತ್ತಿ ಕಟಕಟೆಯ ಮೇಲಿಟ್ಟಳು, ಅಂಗೈ ಮೇಲಾಗಿ.